ಕೆ.ಆರ್.ಎಸ್ ಹಿನ್ನೀರಲ್ಲಿ ಒಂದು ರಾತ್ರಿ: ತಾತನ ಲೆಕ್ಕ, ಅಜ್ಜಿಯ ಲೆಕ್ಕ

1/8

ಹೋದ ತಿಂಗಳ ದೇವರಾಜ ಮಾರ್ಕೆಟ್ ಸರಣಿ ಓದಿ ಮೆಸೇಜ್ ಮಾಡಿದವರಿಗೆಲ್ಲ ಥ್ಯಾಂಕ್ಸ್. ಈ ಸಲ ಕೆ.ಆರ್.ಎಸ್. "ಅಯ್ಯೋ, ಅದು ಗೊತ್ತಿರೋದೇ ಬಿಡು" ಅಂತ ಮುಂದೆ ಹೋಗ್ಬೇಡಿ. ನನಗೂ ಎಲ್ಲ ಗೊತ್ತು ಅಂತಲೇ ನಾನೂ ಅಂದ್ಕೊಂಡಿದ್ದೆ.

ಮೊದಲನೇ ಫೋಟೋದಲ್ಲಿ ಎರಡು ಟೆಂಟ್ ಕಾಣ್ತಿವೆ ನೋಡಿ. ಸಂಕ್ರಾಂತಿ ಆದ್ಮೇಲೆ ಬಂದ ಶನಿವಾರ ನಾವು ಮನೆಯವರೆಲ್ಲ ಹಿನ್ನೀರಿನ ಹತ್ತಿರ ಒಂದು ರಾತ್ರಿ ಉಳಿಯೋಕೆ ಹೋಗಿದ್ವಿ. ಅಪ್ಪ, ಅಮ್ಮ, ನಾನು, ತಂಗಿ, ತಾತ, ಅಜ್ಜಿ. ಜಾಗ ಪಾಂಡವಪುರ ತಾಲೂಕಿನ ಹೊಸ ಕನ್ನಂಬಾಡಿ ಕಡೆ. ಅಲ್ಲಿ ಅಜ್ಜಿಯ ತಮ್ಮನ ಹೊಲ ಇದೆ. ನಾವು ಅವರನ್ನ ಚಿಕ್ಕತಾತ ಅಂತೀವಿ. ಮೈಸೂರಿಂದ ಗಾಡೀಲಿ ಒಂದು ಗಂಟೆ ದಾರಿ ಅಷ್ಟೆ.

ಟೆಂಟ್ ನೋಡಿ ತಾತ ಮೊದಲು ಹೇಳಿದ ಮಾತು: "ಮನೆ ಮಠ ಇರೋರು ಗುಡಾರದಲ್ಲಿ ಯಾಕವ್ವಾ ಮಲಗ್ಬೇಕು?"

ನಾವೆಲ್ಲ ನಕ್ಕೆವು. ಅಜ್ಜಿ ನಗಲಿಲ್ಲ. ಟೆಂಟಿನ ಬಟ್ಟೆಯನ್ನ ಬೆರಳಲ್ಲಿ ಹಿಡಿದು ನೋಡಿ, "ನಮ್ಮವ್ವ ಒಂದ್ ಮಳೆಗಾಲ ಪೂರ್ತಿ ಗುಡ್ಲಲ್ಲೇ ಇದ್ಲಂತೆ. ಇದೇ ನೀರಿಂದಾಗಿ" ಅಂದ್ರು. ಅಂದು, ಸೊಪ್ಪು ಬಿಡಿಸೋಕೆ ಕೂತ್ಕೊಂಡ್ರು.

ನಾನು ಇಪ್ಪತ್ತು ವರ್ಷ ಅಜ್ಜಿ ಜೊತೆ ಒಂದೇ ಮನೇಲಿ ಬೆಳೆದಿದೀನಿ. ಈ ಮಾತು ನಾನು ಕೇಳಿದ್ದು ಅವತ್ತೇ ಮೊದಲು.

2/8

ಮೊದಲು ನಾವು ಸ್ಕೂಲಲ್ಲಿ ಓದಿದ ಕೆ.ಆರ್.ಎಸ್ ಅನ್ನು ಒಂದ್ಸಲ ನೆನಪು ಮಾಡ್ಕೊಳ್ಳೋಣ. ಅದೂ ನಿಜವೇ, ಅದನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ.

ಕತೆ ಶುರುವಾಗೋದು ಕರೆಂಟಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಯ್ತು. ಆ ಕರೆಂಟ್ ಮೊದಲು ಹೋಗಿದ್ದು ನಮ್ಮ ಮನೆಗಳಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ, ನಮ್ಮ ಮೈಸೂರಿಗೆ 1908ರಲ್ಲಿ. ಆದ್ರೆ ಕಾವೇರಿ ಮಳೆಗಾಲದಲ್ಲಿ ತುಂಬಿ ಹರಿದು, ಬೇಸಿಗೆಯಲ್ಲಿ ಸೊರಗೋ ನದಿ. ನೀರು ಕಮ್ಮಿಯಾದ್ರೆ ಕರೆಂಟೂ ಕಮ್ಮಿ. ಮಳೆಗಾಲದ ನೀರನ್ನ ಎಲ್ಲಾದ್ರೂ ಹಿಡಿದಿಟ್ಟು ವರ್ಷಪೂರ್ತಿ ಅಳತೆ ಮಾಡಿ ಬಿಡಬೇಕಿತ್ತು. ಜೊತೆಗೆ ಮಂಡ್ಯ ಕಡೆಯ ಒಣಭೂಮಿಗೂ ನೀರು ಬೇಕಿತ್ತು.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಹತ್ತಿರದ ಅಣೆಕಟ್ಟಿನ ಯೋಜನೆಯನ್ನ ಮುಂದಿಟ್ರು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡೋ ಜಾಗ ಅದು. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದ್ರು. 1911ರಲ್ಲಿ ಕೆಲಸ ಶುರುವಾಯ್ತು. ಆಗ ಎತ್ತಿಟ್ಟ ದುಡ್ಡು 81 ಲಕ್ಷ ರೂಪಾಯಿ. ಸುಮಾರು 10,000 ಜನ ಕೂಲಿಯವರು. ನಮ್ಮಲ್ಲಿ ಆಗ ಸಿಮೆಂಟ್ ತಯಾರಾಗ್ತಿರಲಿಲ್ಲ, ಹೊರಗಿಂದ ತರಿಸೋದು ದುಬಾರಿ. ಹಾಗಾಗಿ ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲೇ ಕಲ್ಲು ಕೂಡಿಸಿ 8,600 ಅಡಿ ಉದ್ದದ ಕಟ್ಟೆ ಕಟ್ಟಿದ್ರು. ಮುಗಿಯೋ ಹೊತ್ತಿಗೆ 1931 ಬಂದಿತ್ತು.

ಇಪ್ಪತ್ತು ವರ್ಷದ ಕೆಲಸ. ಆ ಇಪ್ಪತ್ತು ವರ್ಷ ಕಟ್ಟೆಯ ಮೇಲುಗಡೆ ಊರುಗಳಲ್ಲಿ ಇದ್ದವರು ಏನ್ ಮಾಡ್ತಿದ್ರು? ಪಿಯುಸಿಯಲ್ಲಿ ಇದೇ ಅಣೆಕಟ್ಟಿನ ಬಗ್ಗೆ ಪ್ರಬಂಧ ಬರೆದು ನಾನು ಒಳ್ಳೆ ಮಾರ್ಕ್ಸ್ ತಗೊಂಡಿದ್ದೆ. ಈ ಪ್ರಶ್ನೆ ನನಗೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ.

3/8

ಈ ಭಾಗ ಸ್ವಲ್ಪ ಗಮನ ಇಟ್ಟು ಓದಿ. ನಮ್ಮ ಇವತ್ತಿನ ಕಾವೇರಿ ಗಲಾಟೆಯ ಬೇರೂ ಇಲ್ಲೇ ಇದೆ.

ಕಟ್ಟೆ ಎಷ್ಟು ಎತ್ತರ ಇರಬೇಕು ಅನ್ನೋದು ಮೈಸೂರು ಒಂದೇ ತೀರ್ಮಾನ ಮಾಡೋ ವಿಷಯ ಆಗಿರಲಿಲ್ಲ. ಕೆಳಗಡೆ ಮದ್ರಾಸ್ ಪ್ರಾಂತ್ಯ ಇತ್ತು, ಮೇಲೆ ಬ್ರಿಟಿಷ್ ಸರ್ಕಾರ ಇತ್ತು. ಮೈಸೂರು ಕೇಳಿದ್ದು 41.5 ಟಿಎಂಸಿ ನೀರು ಹಿಡಿಯೋ ಅಣೆಕಟ್ಟು. ಮದ್ರಾಸ್ ಒಪ್ಪಲಿಲ್ಲ. ಕೊನೆಗೆ ಸಿಕ್ಕ ಅನುಮತಿ 11 ಟಿಎಂಸಿಯ ಸಣ್ಣ ಅಣೆಕಟ್ಟಿಗೆ. ಆದ್ರೆ ಮೈಸೂರು ಅಡಿಪಾಯ ಹಾಕಿದ್ದು ಮಾತ್ರ ದೊಡ್ಡದಕ್ಕೇ. ಮುಂದೆ ಎತ್ತರಿಸೋಕೆ ಬೇಕಾದಷ್ಟು ಅಗಲವಾಗಿ.

ಜಗಳ ಪಂಚಾಯ್ತಿಗೆ ಹೋಯ್ತು. 1914ರಲ್ಲಿ ತೀರ್ಪೂ ಬಂತು. ಮದ್ರಾಸ್ ಅದನ್ನ ಪ್ರಶ್ನೆ ಮಾಡ್ತು. ಲಂಡನ್‌ವರೆಗೂ ಕಾಗದ ಓಡಾಡಿ, ಕೊನೆಗೆ ಎರಡೂ ಕಡೆ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1924ರ ಫೆಬ್ರವರಿ 18ಕ್ಕೆ.

ಈಗ ಇದನ್ನೇ ಹಳೇ ಕನ್ನಂಬಾಡಿಯ ಜಗಲಿ ಮೇಲೆ ಕೂತು ಯೋಚನೆ ಮಾಡಿ. 1911ರಿಂದ 1924ರವರೆಗೆ ಹದಿಮೂರು ವರ್ಷ. 11 ಟಿಎಂಸಿ ಆದ್ರೆ ನೀರು ಒಂದು ಮಟ್ಟಕ್ಕೆ ನಿಲ್ಲುತ್ತೆ, 41.5 ಆದ್ರೆ ಇನ್ನೂ ಎಷ್ಟೋ ದೂರ ಹತ್ತಿ ಬರುತ್ತೆ. ಅಂಚಿನಲ್ಲಿರೋ ಹೊಲಕ್ಕೆ ಈ ವರ್ಷ ಗೊಬ್ಬರ ಹೊಡೀಬೇಕಾ ಬೇಡ್ವಾ? ಮನೆ ಮಾಡು ಸೋರ್ತಿದೆ, ಹೆಂಚು ತಿರುಗಿಸ್ಬೇಕಾ ಬೇಡ್ವಾ? ಉತ್ತರ ಅವರ ಊರಲ್ಲಿ ಇರಲಿಲ್ಲ. ಅವರು ಓದೋಕೆ ಬಾರದ ಭಾಷೆಯ ಫೈಲುಗಳಲ್ಲಿತ್ತು.

ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಲೀಟರ್ ಲೆಕ್ಕದಲ್ಲಿ ಒಂದು ಟಿಎಂಸಿ ಸುಮಾರು 2,831 ಕೋಟಿ ಲೀಟರ್. ಈಗ ಕೆ.ಆರ್.ಎಸ್ 124.80 ಅಡಿಗೆ ಪೂರ್ತಿ ತುಂಬಿದ್ರೆ ಅದರಲ್ಲಿರೋದು 49.45 ಟಿಎಂಸಿ, ಅಂದ್ರೆ ಸುಮಾರು 1.4 ಲಕ್ಷ ಕೋಟಿ ಲೀಟರ್. ಅಷ್ಟು ನೀರು ಖಾಲಿ ಜಾಗದ ಮೇಲೆ ನಿಂತಿಲ್ಲ ಅನ್ನೋದಷ್ಟೇ ನಾನು ಹೇಳೋಕೆ ಹೊರಟಿರೋದು.

4/8

ಮತ್ತೆ ಟೆಂಟ್ ಹತ್ತಿರ ಬರೋಣ. ನಾಲ್ಕನೇ ಫೋಟೋ: ಮೂರು ಕಲ್ಲಿನ ಒಲೆ, ಹಿತಕಿದ ಅವರೆಬೇಳೆ ಸಾರು, ಮುದ್ದೆ. ಸಂಕ್ರಾಂತಿಯ ಕಬ್ಬು ಇನ್ನೂ ಮಿಕ್ಕಿತ್ತು. ತಂಗಿ ಅದನ್ನ ಹಲ್ಲಲ್ಲೇ ಸಿಗಿಯೋಕೆ ಹೋಗಿ ತುಟಿ ಕುಯ್ಕೊಂಡ್ಳು.

ಆ ಕಬ್ಬು ನೋಡಿಯೇ ತಾತ ಮಾತು ಎತ್ತಿದ್ದು.

ತಾತನ ಊರು ಮಂಡ್ಯ ಹತ್ತಿರ, ನಾಲೆ ಬಯಲಲ್ಲಿ. ಅಣೆಕಟ್ಟಿನ ನೀರು ಹುಲಿಕೆರೆಯಲ್ಲಿ ಗುಡ್ಡ ಕೊರೆದ ಸುರಂಗದಿಂದ ಹಾದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೋಗುತ್ತೆ. ಆಗಿನ ವೈಸ್‌ರಾಯ್ ಹೆಸರಲ್ಲಿ ಅದು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ಊರಿನವರ ಬಾಯಲ್ಲಿ ಬರೀ "ವಿ.ಸಿ. ನಾಲೆ". ಒಂದು ಲಕ್ಷಕ್ಕೂ ಹೆಚ್ಚು ಎಕರೆ ನೀರು ಕಂಡಿದ್ದು ಅದರಿಂದ. ಕಬ್ಬು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯ್ತು.

"ನಮ್ಮಪ್ಪ ಹೇಳೋರು," ಅಂದ್ರು ತಾತ. "ನಾಲೇಲಿ ಮೊದಲನೇ ನೀರು ಬಂದಾಗ ಊರಿನ ಜನ ನೀರಿನ ಮುಂದೆ ಮುಂದೆ ನಡ್ಕೊಂಡ್ ಹೋದ್ರಂತೆ, ದೇವ್ರನ್ನ ಕರ್ಕೊಂಡ್ ಬರೋ ಹಂಗೆ. ಅಲ್ಲೀಗಂಟ ನಮ್ದು ರಾಗಿ, ಹುರುಳಿ. ಮಳೆ ಬಂದ್ರೆ ಊಟ, ಇಲ್ದಿದ್ರೆ ಇಲ್ಲ. ಆ ನೀರು ಬರ್ದೆ ಹೋಗಿದ್ರೆ ನಿಮ್ಮಪ್ಪನ್ನ ಓದುಸ್ತಿದ್ದೋರು ಯಾರು?"

ಈ ಮಾತು ನಾನು ತಳ್ಳಿಹಾಕೋ ಹಾಗಿಲ್ಲ. ನನ್ನ ಬಿಕಾಂ ಫೀಸ್ ಕೂಡ ಆ ಗದ್ದೆ ದುಡ್ಡಿಂದಲೇ ಬಂದಿದ್ದು. ಮೈಸೂರಿನ ನಮ್ಮ ಮನೆ ನಲ್ಲಿಯಲ್ಲಿ ಬರೋದೂ ಕಾವೇರಿ ನೀರೇ.

ಅಜ್ಜಿ ಒಲೆ ಕಡೆಯಿಂದ ತಿರುಗಿ ನೋಡದೇ ಅಂದ್ರು: "ನಿಮ್ಮಪ್ಪಾರ್ ಗದ್ದೇಲಿ ನಿಂತಿದ್ದು ಯಾವ ನೀರು? ನಮ್ಮವ್ವನ ಊರ ಮ್ಯಾಲೆ ನಿಂತಿದ್ ನೀರೇ ಅಲ್ವಾ?"

ತಾತ ಏನೂ ಹೇಳಲಿಲ್ಲ. ಐವತ್ತು ವರ್ಷದ ಮೇಲಾಯ್ತು ಇವರ ಮದುವೆಯಾಗಿ. ಅಣೆಕಟ್ಟಿನ ಕೆಳಗಡೆಯ ಹುಡುಗ, ಮೇಲುಗಡೆಯ ಹುಡುಗಿ. ಇಬ್ಬರೂ ಒಂದೇ ತಟ್ಟೆಯಿಂದ ಕಬ್ಬಿನ ತುಂಡು ತಗೊಂಡು ತಿಂತಾ ಕೂತಿದ್ರು.

5/8

ಅಜ್ಜಿ ಹೇಳಿದ್ದನ್ನ ಅವರು ಹೇಳಿದ ಹಾಗೇ ಬರೀತೀನಿ. ಅಜ್ಜಿಗೆ ಈಗ 75. ಅವರು ಹುಟ್ಟೋ ಹೊತ್ತಿಗೆ ಹಳೇ ಊರು ಮುಳುಗಿ ಇಪ್ಪತ್ತು ವರ್ಷ ಆಗಿತ್ತು. ಇದೆಲ್ಲ ಅವರ ಅವ್ವ ಹೇಳಿದ್ದು. ಊರು ಬಿಟ್ಟಾಗ ಆ ಅವ್ವನಿಗೆ ಏಳೋ ಎಂಟೋ ವರ್ಷ.

"ನೀರು ಒಂದೇ ದಿನ ಬಂದ್ಬುಡ್ಲಿಲ್ಲ ಕೂಸೇ. ನದಿ ದೊಡ್ಡದಾಗ್ತಾ ಬಂತಂತೆ. ಮೊದಲು ನದಿ ಅಂಚಿನ ಗದ್ದೆ ಹೋಯ್ತು. ಆಮೇಲೆ ದಾರಿ. ಎಲ್ರೂ ಗಾಡಿ ಕಟ್ಟಿದ್ರು. ಮನೆ ತೊಲೆ, ಕಂಬ, ಹೆಂಚು ಎಲ್ಲ ಬಿಚ್ಕೊಂಡ್ರು. ಮರ ಅಂದ್ರೆ ದುಡ್ಡಲ್ವಾ? ಒರಳುಕಲ್ಲು ನೆಲದಲ್ಲಿ ಹೂತಿತ್ತು, ಕೀಳೋಕಾಗ್ಲಿಲ್ಲ. ನಮ್ಮವ್ವ ಅದಕ್ಕೇ ಅಳ್ತಿದ್ಲು. ಸಾಯೋಗಂಟ ಹೇಳ್ತಿದ್ಲು, ನಮ್ಮ ಒರಳು ಅಲ್ಲೇ ಐತೆ ಅಂತ."

ಸರ್ಕಾರ ಪಕ್ಕದಲ್ಲೇ ಹೊಸ ಊರಿಗೆ ಜಾಗ ಕೊಡ್ತು, ಜಮೀನೂ ಕೊಡ್ತು. ಅದನ್ನ ಹೇಳದೇ ಇದ್ರೆ ತಪ್ಪಾಗುತ್ತೆ. ಹೊಸ ಕನ್ನಂಬಾಡಿ ಅನ್ನೋ ಹೆಸರು ಬಂದಿದ್ದೇ ಹಾಗೆ. ಆದ್ರೆ ಹೊಸ ಮನೆ ಏಳೋವರೆಗೆ ಗುಡಿಸಲು, ಹೊಸ ಜಮೀನು ಹದಕ್ಕೆ ಬರೋವರೆಗೆ ಸಾಲ. ನದಿ ದಂಡೆಯ ಮೆಕ್ಕಲು ಮಣ್ಣು ಬೇರೆ, ಮೇಲಿನ ಒಣನೆಲ ಬೇರೆ. ಎಕರೆಗೆ ಎಕರೆ ಕೊಟ್ಟರೂ ಎರಡೂ ಒಂದೇ ಅಲ್ಲ. ಇದನ್ನ ರೈತರ ಮನೆಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಕೆ.ಆರ್.ಎಸ್‌ಗಾಗಿ ಮನೆ ಕಳ್ಕೊಂಡವರು 5,000ದಿಂದ 10,000 ಜನ ಅಂತ ಲೆಕ್ಕ ಕೊಡ್ತಾರೆ. ಆ ಎರಡು ಸಂಖ್ಯೆಗಳನ್ನ ಒಂದ್ಸಲ ನೋಡಿ. ಒಂದು ಇನ್ನೊಂದರ ಎರಡರಷ್ಟು. ಕಟ್ಟೆಯ ಉದ್ದ ನಮಗೆ ಅಡಿ ಲೆಕ್ಕದಲ್ಲಿ ಗೊತ್ತು. ನೀರಿನ ಮಟ್ಟ ಪಾಯಿಂಟ್ ಎಂಬತ್ತರವರೆಗೆ ಗೊತ್ತು, ದಿನಾ ಪೇಪರಲ್ಲಿ ಬರುತ್ತೆ. ಜನರ ಲೆಕ್ಕ ಮಾತ್ರ ಅರ್ಧದಷ್ಟು ಹೆಚ್ಚು ಕಮ್ಮಿ.

ಬಿಕಾಂನವರಿಗೆ ಗೊತ್ತಲ್ಲ, ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಒಂದು ರೂಪಾಯಿ ತಪ್ಪಿದ್ರೂ ಮೇಡಂ ಮತ್ತೆ ಮೊದಲಿಂದ ಮಾಡಿಸ್ತಾರೆ.

6/8

ಆರನೇ ಫೋಟೋ: ವೇಣುಗೋಪಾಲಸ್ವಾಮಿ ದೇವಸ್ಥಾನ. ನೀವೆಲ್ಲ ರೀಲ್ಸ್‌ನಲ್ಲಿ ನೋಡಿರ್ತೀರ, ಸಂಜೆ ಬೆಳಕಲ್ಲಿ ಕಲ್ಲಿನ ಕಂಬಗಳು, ಹಿಂದೆ ನೀರು. ಭಾನುವಾರ ಬೆಳಿಗ್ಗೆ ನಾವೂ ಹೋದ್ವಿ.

ಹೊಯ್ಸಳರ ಕಾಲದ್ದು ಅಂತ ಹೇಳೋ ಈ ದೇವಸ್ಥಾನ ಹಳೇ ಕನ್ನಂಬಾಡಿಯಲ್ಲಿತ್ತು. ನೀರು ಏರಿದಾಗ ಮೂರ್ತಿಯನ್ನ ಊರಿನವರ ಜೊತೆ ಹೊಸ ಊರಿಗೆ ತಂದ್ರು. ಕಲ್ಲಿನ ಕಟ್ಟಡ ಅಲ್ಲೇ ಉಳೀತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನೀರಿನೊಳಗೇ ಇತ್ತು. ಬರಗಾಲ ಬಂದು ನೀರು ಇಳಿದಾಗ ಮಾತ್ರ ತಲೆ ಎತ್ತೋದು. 2000ದ ನಂತರ ಉದ್ಯಮಿ ಶ್ರೀಹರಿ ಖೋಡೆ ಅವರ ಫೌಂಡೇಶನ್ ಅದನ್ನ ಎತ್ತಿ ತರೋ ಕೆಲಸಕ್ಕೆ ಕೈ ಹಾಕ್ತು. ಸಾವಿರಾರು ಫೋಟೋ ತೆಗೆದು, ಕಲ್ಲು ಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಮೇಲೆ ತಂದು ಮತ್ತೆ ಜೋಡಿಸಿದ್ರು. ಅಷ್ಟು ಕೆಲಸ ಮಾಡಿದವರಿಗೆ ಕೈ ಮುಗೀಬೇಕು.

ಇಂಥದ್ದೇ ಒಂದು ಕತೆ ಈಜಿಪ್ಟ್‌ನಲ್ಲೂ ಇದೆ. ನೈಲ್ ನದಿಗೆ ಅಸ್ವಾನ್ ಹೈ ಡ್ಯಾಮ್ ಕಟ್ಟುವಾಗ ಅಬು ಸಿಂಬೆಲ್ ದೇವಾಲಯ ಮುಳುಗೋದಿತ್ತು. ಯುನೆಸ್ಕೋ ಕರೆಗೆ ಜಗತ್ತಿನ ಎಷ್ಟೋ ದೇಶಗಳು ದುಡ್ಡು ಕೊಟ್ಟವು. 1964ರಿಂದ 1968ರವರೆಗೆ ದೇವಾಲಯವನ್ನ ತುಂಡು ತುಂಡಾಗಿ ಕೊಯ್ದು ಎತ್ತರದ ಜಾಗಕ್ಕೆ ಸಾಗಿಸಿದ್ರು. ಅದು ಎಲ್ಲರಿಗೂ ಗೊತ್ತು. ಅದೇ ನೀರಿಗೆ ಈಜಿಪ್ಟ್ ಮತ್ತು ಸೂಡಾನ್‌ಗಳ ಸುಮಾರು ಒಂದು ಲಕ್ಷ ನೂಬಿಯನ್ ಜನ ಊರು ಬಿಟ್ಟಿದ್ದು ಎಷ್ಟು ಜನಕ್ಕೆ ಗೊತ್ತು?

ನಮ್ಮಲ್ಲೇ ನೋಡಿ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಜಾಗ ಬಿಟ್ಟ ಶರಾವತಿ ಮುಳುಗಡೆಯವರು ಜಮೀನಿನ ಹಕ್ಕಿಗಾಗಿ ಇವತ್ತಿಗೂ ಓಡಾಡ್ತಿದಾರೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಬೀದಿಗಳೇ ಹೋದವು, ನವನಗರ ಅಂತ ಹೊಸ ಊರು ಬಂತು. ಅವರ ಕರೆಂಟಲ್ಲಿ ಫೋನ್ ಚಾರ್ಜ್ ಮಾಡ್ಕೊಂಡು ನಾನು ಇದನ್ನ ಟೈಪ್ ಮಾಡ್ತಿರಬಹುದು.

ದೇವಸ್ಥಾನದ ಪ್ರಾಕಾರದಲ್ಲಿ ಒಂದು ಸುತ್ತು ಬಂದು ಅಜ್ಜಿ ನೀರಿನ ಕಡೆ ನೋಡ್ತಾ ನಿಂತ್ರು. "ಗುಡಿ ವಾಪಸ್ ಬಂತು, ಒಳ್ಳೇದಾಯ್ತು" ಅಂದ್ರು. ಇನ್ನೇನೋ ಹೇಳ್ತಾರೆ ಅಂತ ಕಾದೆ. ಹೇಳಲಿಲ್ಲ.

7/8

ಏಳನೇ ಫೋಟೋದಲ್ಲಿರೋದು ಒಂದು ಬಾಗಿಲು. ಈ ಸರಣಿ ಬರೆದಿದ್ದೇ ಇದಕ್ಕೋಸ್ಕರ.

ಇದು ಚಿಕ್ಕತಾತನ ಮನೆಯ ಮುಂಬಾಗಿಲು. ಮನೆ ಆರ್‌ಸಿಸಿ, ಕಟ್ಟಿ ಹತ್ತು ವರ್ಷ ಆಗಿದೆ. ಆದ್ರೆ ಬಾಗಿಲುವಾಡ ಹಳೇದು. ಕಪ್ಪಾಗಿದೆ, ಮೇಲ್ಗಡೆ ಸಣ್ಣ ಹೂವಿನ ಕೆತ್ತನೆ ಇದೆ, ಹೊಸ್ತಿಲು ನಡುವೆ ಸವೆದು ತಗ್ಗಾಗಿದೆ. ನಾನು ಚಿಕ್ಕವಳಿದ್ದಾಗಿಂದ ಆ ಹೊಸ್ತಿಲು ದಾಟಿದೀನಿ. ಅದರ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ.

ಅವತ್ತು ಚಿಕ್ಕತಾತನೇ ಹೇಳಿದ್ದು. ಅದು ನೀರಿನೊಳಗೆ ಹೋದ ಮನೆಯ ಬಾಗಿಲುವಾಡ. ಗಾಡಿಯಲ್ಲಿ ಬಂದಿದ್ದು. ಗುಡಿಸಲಲ್ಲಿ ಇದ್ದಷ್ಟು ದಿನ ಗೋಡೆಗೆ ಒರಗಿಸಿ ಇಟ್ಟಿದ್ರಂತೆ. ಮಣ್ಣಿನ ಮನೆ ಕಟ್ಟಿದಾಗ ನಿಲ್ಲಿಸಿದ್ರು. ಆ ಮನೆ ಕೆಡವಿ ಹೊಸದು ಕಟ್ಟೋವಾಗ ಮೇಸ್ತ್ರಿ "ಇದು ಅಳತೆಗೆ ಕೂರಲ್ಲ, ತೇಗದ್ದು ಹೊಸದು ಹಾಕ್ಸಿ" ಅಂದನಂತೆ. ಚಿಕ್ಕತಾತ ಗೋಡೆ ಅಳತೆಯನ್ನೇ ಬದಲಾಯಿಸಿದ್ರು.

ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದು ಮಾತಿದೆ, ಕನ್ನಂಬಾಡಿ ಕಟ್ಟೋಕೆ ಅರಮನೆಯ ಒಡವೆ ಹೋಯ್ತು ಅಂತ. ಭಾಷಣದಲ್ಲಿ ಕೇಳಿದೀವಿ, ಸ್ಟೇಟಸ್‌ನಲ್ಲಿ ನೋಡಿದೀವಿ. ನಾನೂ ಶೇರ್ ಮಾಡಿದೀನಿ. ರಾಜಮನೆತನದ ಮೇಲೆ ನಮಗಿರೋ ಪ್ರೀತಿ ಅದರಲ್ಲಿದೆ, ಅದು ಇರಲಿ. ಆದ್ರೆ ಒರಳುಕಲ್ಲು ಬಿಟ್ಟು ಬಂದವರ ಬಗ್ಗೆ ಯಾರ ಸ್ಟೇಟಸ್ಸೂ ಇಲ್ಲ. ಅವರ ಮರಿಮೊಮ್ಮಗಳಾದ ನನ್ನ ಸ್ಟೇಟಸ್‌ನಲ್ಲೂ ಇರಲಿಲ್ಲ.

ಹಾಗಂತ "ಅಣೆಕಟ್ಟು ಕಟ್ಟಬಾರದಿತ್ತು" ಅಂತ ನಾನು ಹೇಳ್ತಿಲ್ಲ. ತಾತನ ಗದ್ದೆ ಅನ್ನ ತಿಂದು ಹಾಗೆ ಹೇಳೋಕೆ ನನಗೆ ಬಾಯಿಲ್ಲ. ವಿಶ್ವೇಶ್ವರಯ್ಯನವರ ಕೆಲಸ ದೊಡ್ಡದೇ. ಆದ್ರೆ ಖಾತೆಯಲ್ಲಿ ಜಮೆ ಒಂದನ್ನೇ ಬರೆದು ಖರ್ಚಿನ ಕಡೆ ಖಾಲಿ ಬಿಟ್ರೆ ಅದನ್ನ ಲೆಕ್ಕ ಅನ್ನಲ್ಲ. ಕೊಟ್ಟವರ ಹೆಸರು ಪುಸ್ತಕದಲ್ಲಿ ಇರಬೇಕು. ಸಾಲ ತೀರಿಸೋಕೆ ಆಗದೇ ಹೋದ್ರೂ, ಯಾರ ಹತ್ತಿರ ತಗೊಂಡ್ವಿ ಅನ್ನೋದಾದ್ರೂ ಗೊತ್ತಿರಬೇಕು.

8/8

ಆ ರಾತ್ರಿ ಚಳಿ ಜೋರಿತ್ತು. ಅಜ್ಜಿ ಟೆಂಟೊಳಗೆ ಮಲಗೋಕೆ ಒಪ್ಪಲಿಲ್ಲ, ಕಂಬಳಿ ಹೊದ್ದು ಒಲೆ ಪಕ್ಕ ಕೂತ್ರು. ನಾನು ಫೋನ್ ರೆಕಾರ್ಡಿಂಗ್ ಆನ್ ಮಾಡಿ ಪಕ್ಕದಲ್ಲಿ ಇಟ್ಟೆ. 41 ನಿಮಿಷ ಇದೆ ಆ ರೆಕಾರ್ಡಿಂಗ್. ಮಧ್ಯೆ ಮಧ್ಯೆ ತಾತನ ಕೆಮ್ಮು, ತಂಗಿಯ ಗೊರಕೆ.

ನಾನು ಕೇಳಿದೆ: ಹಳೇ ಊರಲ್ಲಿ ನಿಮ್ಮ ಮನೆ ಯಾವ ಬೀದೀಲಿತ್ತು? ಪಕ್ಕದ ಮನೆಯವರು ಯಾರು? ಬಾವಿ ಎಲ್ಲಿತ್ತು? ಕಣ ಎಲ್ಲಿ?

ಬಾವಿ ಗೊತ್ತಿತ್ತು, ಗುಡಿಯ ಹಿಂದೆ. ಕಣ ಗೊತ್ತಿತ್ತು. ಬೀದಿ ಹೆಸರು ಅಜ್ಜಿಗೆ ನೆನಪಿಗೆ ಬರಲಿಲ್ಲ. ಸುಮಾರು ಹೊತ್ತು ಯೋಚನೆ ಮಾಡಿದ್ರು. ಚಿಕ್ಕತಾತನಿಗೂ ಗೊತ್ತಿರಲಿಲ್ಲ.

"ನಮ್ಮವ್ವನ್ನ ಕೇಳ್ಬೇಕಿತ್ತು ಕೂಸೇ," ಅಂದ್ರು ಅಜ್ಜಿ. "ನಾನು ಕೇಳ್ಲಿಲ್ಲ. ದಿನಾ ಅದೇ ಒರಳುಕಲ್ಲಿನ ಕತೆ ಹೇಳ್ತಾಳೆ ಅಂತ ಬೇಜಾರಾಗೋದು. ಎದ್ದು ಹೋಗ್ಬುಡ್ತಿದ್ದೆ."

ಆ ಬೀದಿಯ ಹೆಸರು ನಮ್ಮ ಮನೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಗುಡಿಯ ಕಲ್ಲುಗಳಿಗೆ ಗುರುತು ಹಾಕಿದವರಿದ್ರು, ಅದಕ್ಕೇ ಅವು ವಾಪಸ್ ಬಂದವು. ನಮ್ಮ ಬೀದಿಗೆ ಯಾರೂ ಗುರುತು ಹಾಕಿರಲಿಲ್ಲ.

ಅದಕ್ಕೇ ನಿಮ್ಮನ್ನ ಒಂದು ಕೆಲಸ ಕೇಳ್ತೀನಿ. ಈ ಭಾನುವಾರ ಅಜ್ಜಿ ತಾತನ ಪಕ್ಕ ಕೂತು ಫೋನ್ ರೆಕಾರ್ಡಿಂಗ್ ಆನ್ ಮಾಡಿ. ನಿಮ್ಮವ್ವನ ಊರು ಯಾವುದು, ಅಲ್ಲಿಂದ ಯಾಕೆ ಬಂದ್ರಿ, ಏನು ತಂದ್ರಿ, ಏನು ಬಿಟ್ಟು ಬಂದ್ರಿ ಅಂತ ಕೇಳಿ. ಹೇಳಿದ್ದೇ ಹೇಳ್ತಾರೆ. ಎದ್ದು ಹೋಗ್ಬೇಡಿ.

ಹಿನ್ನೀರಿಗೆ ಹೋಗೋ ಪ್ಲಾನ್ ಇರೋರಿಗೆ ಎರಡು ಮಾತು. ಜಮೀನಿನವರನ್ನ ಕೇಳದೇ ಟೆಂಟ್ ಹಾಕ್ಬೇಡಿ. ನೀರಿಗೆ ಇಳೀಲೇಬೇಡಿ. ಮೇಲಿಂದ ಮೊಣಕಾಲುದ್ದ ಕಾಣುತ್ತೆ, ಮುಂದಿನ ಹೆಜ್ಜೆಗೆ ಹಳೇ ಹಳ್ಳವೋ ಗುಂಡಿಯೋ ಇರುತ್ತೆ. ತಂದ ಪ್ಲಾಸ್ಟಿಕ್ ವಾಪಸ್ ತನ್ನಿ. ಅದು ಯಾರದ್ದೋ ಮನೆ ಅಂಗಳ.

ಕೆ.ಆರ್.ಎಸ್, ಕಬಿನಿ, ಹೇಮಾವತಿ, ಹಾರಂಗಿ, ಶರಾವತಿ, ಆಲಮಟ್ಟಿ ಯಾವುದೇ ಇರಲಿ, ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಮುಳುಗಿದ ಊರಿನ, ಬೀದಿಯ ಹೆಸರು ನೆನಪಿದ್ರೆ ಕಾಮೆಂಟ್‌ನಲ್ಲಿ ಬರೀರಿ. ಬರೀ ಹೆಸರಾದ್ರೂ ಸಾಕು. ನಾನು ಒಂದು ನೋಟ್‌ಬುಕ್ ಇಟ್ಟಿದೀನಿ. ಮೊದಲನೇ ಪುಟದಲ್ಲಿ ಬರೆದಿರೋದು: ಹಳೇ ಕನ್ನಂಬಾಡಿ, ಗುಡಿಯ ಹಿಂದಿನ ಬಾವಿ, ಒಂದು ಒರಳುಕಲ್ಲು.

#ಕನ್ನಂಬಾಡಿ #ಕೆಆರ್‌ಎಸ್ #ಹಿನ್ನೀರು #ಅಜ್ಜಿಯಲೆಕ್ಕ #ಮೈಸೂರು #ಮಂಡ್ಯ